ಹಸಿಕಸದ ಡಬ್ಬಿ: ಚಂದ ನೋಡಿ ಅಲ್ಲ, ಲೆಕ್ಕ ನೋಡಿ ಆರಿಸಿ

ಮನೆಯಲ್ಲೇ ಕಾಂಪೋಸ್ಟ್ ಗೊಬ್ಬರ ಮಾಡ್ತೇವೆ ಎಂದು ಉತ್ಸಾಹದಿಂದ ಶುರುಮಾಡಿದ ಅನೇಕರು ಎರಡು ಮೂರು ವಾರದಲ್ಲಿ ಕೈಬಿಡುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಒಂದೇ: ‘ವಾಸನೆ ಬರ್ತದೆ, ಹುಳ ಆಗ್ತದೆ.’ ಹೆಚ್ಚಿನ ಮನೆಗಳಲ್ಲಿ ತಪ್ಪು ಗೊಬ್ಬರದ ಗುಂಡಿಯದ್ದಲ್ಲ. ಸಿಂಕಿನ ಪಕ್ಕದಲ್ಲಿ ಇಟ್ಟ ಡಬ್ಬಿಯದ್ದು. ಡಬ್ಬಿ ದೊಡ್ಡದಾಯಿತು, ಅಥವಾ ಅದರಲ್ಲಿ ನೀರು ನಿಂತಿತು, ಅಥವಾ ಮೂರು ದಿನ ಯಾರೂ ಖಾಲಿ ಮಾಡಲಿಲ್ಲ.

ಇದು ಸಣ್ಣ ವಿಷಯದಂತೆ ಕಂಡರೂ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಭಾಗದವರಿಗೆ ಸಣ್ಣದಲ್ಲ. ಕೇರಳದಲ್ಲಿ ಮನೆ ಮನೆಗೆ ಬರುವ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್‌ನಂಥ ಒಣ ಕಸವನ್ನು ಒಯ್ಯುತ್ತಾರೆ. ಹಸಿಕಸವನ್ನು ಆದಷ್ಟು ಮನೆಯಲ್ಲೇ ವಿಲೇವಾರಿ ಮಾಡಬೇಕು ಎಂಬುದು ಅಲ್ಲಿನ ಕ್ರಮ. ಮನೆಯಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಆ ಕಸ ತೊಟ್ಟೆಯಲ್ಲಿ ಕಟ್ಟಿ ರಾತ್ರಿ ರಸ್ತೆ ಬದಿಗೆ, ತೋಡಿಗೆ ಹೋಗುತ್ತದೆ. ಬೀದಿನಾಯಿಗಳ ಕಾಟದ ಬಗ್ಗೆ ದೂರುವವರೇ ಅವುಗಳಿಗೆ ಊಟ ಬಡಿಸಿದ ಹಾಗಾಗುತ್ತದೆ.

ಮಂಗಳೂರು ಕಡೆಯವರೂ ಇದರಿಂದ ಹೊರತಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಹರಿದಿತ್ತು. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂನಲ್ಲಿ ಕಸಕ್ಕೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಹೆಚ್ಚು ಕಾಲ ಹೊಗೆ ಎದ್ದಿತ್ತು. ಅಂಥ ರಾಶಿಗಳು ಬೆಳೆಯುವುದು ಬೇರ್ಪಡಿಸದೆ ಹೊರಗೆ ಹೋದ ಮನೆ ಮನೆಯ ಕಸದಿಂದಲೇ.

ಎರಡು ಡಬ್ಬಿ, ಎರಡು ಕೆಲಸ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಡುಗೆಕೋಣೆಯಲ್ಲಿ ಇಡುವ ಡಬ್ಬಿ ಕಸ ಒಟ್ಟುಮಾಡಲು ಮಾತ್ರ. ಗೊಬ್ಬರ ಆಗುವುದು ಹೊರಗಿನ ಗುಂಡಿಯಲ್ಲಿ, ರಿಂಗ್‌ನಲ್ಲಿ ಅಥವಾ ಬಯೋಬಿನ್‌ನಲ್ಲಿ. ಅಂಗಡಿಯವರು ಕೆಲವೊಮ್ಮೆ ಎರಡನ್ನೂ ‘ಕಾಂಪೋಸ್ಟ್ ಬಿನ್’ ಎಂದೇ ಹೇಳಿ ಮಾರುತ್ತಾರೆ. ಒಳಗಿನ ಡಬ್ಬಿಗೆ ತೂತು, ನಲ್ಲಿ, ಜಾಲರಿ ತಟ್ಟೆ ಯಾವುದೂ ಅಗತ್ಯವಿಲ್ಲ. ಅದು ದಿನಕ್ಕೊಮ್ಮೆ ಖಾಲಿಯಾಗಬೇಕು, ಸುಲಭದಲ್ಲಿ ತೊಳೆಯಲು ಆಗಬೇಕು. ಅಷ್ಟೇ.

ಎಷ್ಟು ಲೀಟರ್?

ಹೆಚ್ಚಿನವರು ತಪ್ಪುವುದು ಇಲ್ಲಿ. ‘ದೊಡ್ಡದು ತಗೊಂಡ್ರೆ ವಾರಕ್ಕೊಮ್ಮೆ ಖಾಲಿ ಮಾಡಿದ್ರೆ ಸಾಕಲ್ಲ’ ಎಂಬ ಲೆಕ್ಕ ಕರಾವಳಿಯ ಹವೆಗೆ ನಡೆಯುವುದಿಲ್ಲ. ಸೆಕೆ ಇರುವಾಗ ನೊಣದ ಮೊಟ್ಟೆ ಒಂದೇ ದಿನದೊಳಗೆ ಒಡೆದು ಹುಳವಾಗುತ್ತದೆ. ಹಾಗಾಗಿ ಡಬ್ಬಿಯ ಗಾತ್ರ ಒಂದು ದಿನದ ಕಸಕ್ಕೆ ಸರಿಹೊಂದಬೇಕು.

ಕೊಳ್ಳುವ ಮೊದಲು ಒಂದು ವಾರ ಮನೆಯಲ್ಲಿರುವ ಹಳೆಯ ಬಾಲ್ದಿಯಲ್ಲೇ ಕಸ ಹಾಕಿ, ದಿನಕ್ಕೆ ಎಲ್ಲಿಯವರೆಗೆ ತುಂಬುತ್ತದೆ ಎಂದು ಗುರುತು ಮಾಡಿ. ನಾಲ್ಕೈದು ಜನರ ಮನೆಗೆ ಸಾಮಾನ್ಯವಾಗಿ 4–5 ಲೀಟರ್ ಸಾಕಾಗುತ್ತದೆ. ಕೂಡುಕುಟುಂಬವಾದರೆ 10 ಲೀಟರ್. ಅದಕ್ಕಿಂತ ದೊಡ್ಡದಾದರೆ ತುಂಬಿದಾಗ ಎತ್ತುವುದೇ ಕಷ್ಟ. ಎತ್ತಲು ಕಷ್ಟವಾದದ್ದು ಅಲ್ಲೇ ಉಳಿಯುತ್ತದೆ.

ರಂಝಾನ್‌ನಲ್ಲಿ ಕಲ್ಲಂಗಡಿ, ಅನಾನಸು ಸಿಪ್ಪೆಯೇ ಒಂದು ಬಾಲ್ದಿ ಆಗುತ್ತದೆ. ಆ ಒಂದು ತಿಂಗಳಿಗಾಗಿ ವರ್ಷವಿಡೀ ದೊಡ್ಡ ಡಬ್ಬಿ ಇಡುವುದು ಬೇಡ. ಸಣ್ಣದೇ ಇನ್ನೊಂದು ಇಟ್ಟುಕೊಂಡರೆ ಸಾಕು. ಹಲಸಿನ ಕಾಲದಲ್ಲಿ ಅದರ ರಚ್ಚೆ, ಸಿಪ್ಪೆಯನ್ನು ಡಬ್ಬಿಗೆ ತುರುಕದೆ ನೇರ ತೋಟಕ್ಕೆ ಅಥವಾ ದನ ಇರುವ ಮನೆಗೆ ಕೊಡುವುದೇ ಸರಿ.

ಪ್ಲಾಸ್ಟಿಕ್, ಸ್ಟೀಲ್ ಅಥವಾ ಮಣ್ಣು?

ಪ್ಲಾಸ್ಟಿಕ್ ಹಗುರ, ಅಗ್ಗ, ಬಿದ್ದರೆ ಸುಲಭದಲ್ಲಿ ಒಡೆಯುವುದಿಲ್ಲ. ಆದರೆ ಉಜ್ಜಿ ಉಜ್ಜಿ ಗೀರು ಬಿದ್ದ ಮೇಲೆ ಆ ಗೀರಿನಲ್ಲಿ ಜಿಡ್ಡು ಕೂತು ವಾಸನೆ ಹೋಗುವುದಿಲ್ಲ. ಸ್ಟೀಲ್ ಡಬ್ಬಿ ವಾಸನೆ ಹೀರುವುದಿಲ್ಲ, ಬಿಸಿನೀರು ಹಾಕಿ ತೊಳೆಯಬಹುದು, ವರ್ಷಗಟ್ಟಲೆ ಬಾಳುತ್ತದೆ. ಕಬ್ಬಿಣದ ತಗಡಿನದ್ದು ಕಡಲಿನ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಹುಣಸೆ, ಲಿಂಬೆಯ ಹುಳಿ ತಿನ್ನುತ್ತದೆ. ಮಣ್ಣಿನ ಮಡಕೆ ತೇವ ಹೀರುವುದರಿಂದ ಒಳಗೆ ನೀರು ನಿಲ್ಲುವುದು ಕಡಿಮೆ. ಆದರೆ ಭಾರ, ಒಡೆಯುವ ಭಯವೂ ಇದೆ.

ಲೆಕ್ಕವನ್ನು ಹೀಗೆ ಮಾಡಬಹುದು. ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ. 150 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಒಂದು ವರ್ಷ ಬಂದರೆ ವರ್ಷಕ್ಕೆ 150 ರೂಪಾಯಿ ಖರ್ಚು. 500 ರೂಪಾಯಿಯ ಸ್ಟೀಲ್ ಡಬ್ಬಿ ಹತ್ತು ವರ್ಷ ಬಂದರೆ ವರ್ಷಕ್ಕೆ 50 ರೂಪಾಯಿ ಮಾತ್ರ. ಆನ್‌ಲೈನ್‌ನಲ್ಲಿ ಸಿಗುವ, ಮುಚ್ಚಳದಲ್ಲಿ ಇದ್ದಿಲಿನ ಫಿಲ್ಟರ್ ಇರುವ ಡಬ್ಬಿಗಳಿಗೆ ಕೆಲವು ತಿಂಗಳಿಗೊಮ್ಮೆ ಫಿಲ್ಟರ್ ಬದಲಿಸಬೇಕು. ಆ ಖರ್ಚು ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ದಿನಾ ಖಾಲಿ ಮಾಡುವವರಿಗೆ ಅದು ಬೇಕೂ ಇಲ್ಲ.

ಏನೂ ಕೊಳ್ಳದೆಯೂ ಆಗುತ್ತದೆ. ಮುಚ್ಚಳ, ಹಿಡಿ ಎರಡೂ ಇರುವ ಹಳೆಯ ತೂಕುಪಾತ್ರೆ ಈ ಕೆಲಸಕ್ಕೆ ಬಹಳ ಒಳ್ಳೆಯದು. ಪೇಂಟಿನ ಡಬ್ಬಿ ಬಳಸುವುದಾದರೆ ಒಳಗಿನ ಪೇಂಟ್ ಪೂರ್ತಿ ಕಿತ್ತು ತೊಳೆದಿರಬೇಕು, ಇಲ್ಲದಿದ್ದರೆ ಅದರ ಚೂರುಗಳು ಗೊಬ್ಬರಕ್ಕೆ ಸೇರುತ್ತವೆ.

ಬಾಯಿ ಮತ್ತು ಮುಚ್ಚಳ

ಡಬ್ಬಿಯ ಬಾಯಿ ಅಗಲ ಇರಬೇಕು. ತರಕಾರಿ ಹೆಚ್ಚುವ ಹಲಗೆಯಿಂದ ನೇರ ದೂಡಿದರೆ ಸಿಪ್ಪೆ ಒಳಗೆ ಬೀಳಬೇಕು, ಕೈ ಹಾಕಿ ತಳ ಉಜ್ಜಲು ಆಗಬೇಕು. ಮೂಲೆಗಳಿರುವ ಚೌಕ ಡಬ್ಬಿಗಿಂತ ದುಂಡಗಿನದ್ದು ತೊಳೆಯಲು ಸುಲಭ.

ಮುಚ್ಚಳ ನೊಣ, ಜಿರಳೆ ಒಳಹೋಗದಷ್ಟು ಸರಿಯಾಗಿ ಕೂರಬೇಕು. ತಿರುಗಿಸಿ ಬಿಗಿಮಾಡುವ ಗಾಳಿಯಾಡದ ಮುಚ್ಚಳ ಬೇಡ. ಗಾಳಿ ಇಲ್ಲದೆ ಎರಡು ದಿನ ಕೊಳೆತ ಕಸದ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಮನೆಯೇ ಬಿಟ್ಟು ಓಡಬೇಕು! ಬೊಕಾಶಿ ವಿಧಾನದಲ್ಲಿ ಗೊಬ್ಬರ ಮಾಡುವವರಿಗೆ ಮಾತ್ರ ಗಾಳಿಯಾಡದ ಡಬ್ಬಿ ಬೇಕು. ಅದರಲ್ಲಿ ಕಸಕ್ಕೆ ವಿಶೇಷ ಹುಡಿ ಬೆರೆಸಿ ಹುಳಿ ಬರಿಸುತ್ತಾರೆ.

ವಾಸನೆಯ ಮೂಲ ನೀರು

ಹಸಿಕಸ ನಾರುವುದು ಮುಖ್ಯವಾಗಿ ನೀರಿನಿಂದ. ಗಂಜಿ ತಿಳಿ, ಸಾಂಬಾರಿನ ರಸ, ಚಹಾ ಡಬ್ಬಿಗೆ ಸುರಿಯಬಾರದು. ಚಹಾಹುಡಿಯ ಚರಟವನ್ನು ಸೋಸಿ ಹಿಂಡಿ ಹಾಕಬೇಕು. ತಳದಲ್ಲಿ ಒಂದು ಹಾಳೆ ಹಳೆಯ ಪೇಪರ್ ಮಡಚಿಟ್ಟು, ಪ್ರತಿ ಸಲ ಕಸ ಹಾಕಿದ ಮೇಲೆ ಒಂದು ಹಿಡಿ ತೆಂಗಿನ ನಾರಿನ ಹುಡಿ ಅಥವಾ ಮರದ ಹುಡಿ ಉದುರಿಸಿದರೆ ವಾಸನೆ ಬಹಳಷ್ಟು ಕಡಿಮೆಯಾಗುತ್ತದೆ.

ಪ್ಲಾಸ್ಟಿಕ್ ತೊಟ್ಟೆಯನ್ನು ಡಬ್ಬಿಯ ಒಳಗೆ ಹಾಸುವ ಅಭ್ಯಾಸ ಬಿಡಬೇಕು. ತೊಟ್ಟೆ ಸಮೇತ ಗುಂಡಿಗೆ ಹೋದರೆ ಎಲ್ಲ ಶ್ರಮವೂ ವ್ಯರ್ಥ.

ಮೀನಿನ ಕಸಕ್ಕೆ ಬೇರೆ ದಾರಿ

ಮೀನಿಲ್ಲದ ದಿನ ನಮ್ಮ ಮನೆಗಳಲ್ಲಿ ಅಪರೂಪ. ಅದರ ತಲೆ, ಕರುಳು, ಕೋಳಿಯ ಚರ್ಮ, ಎಲುಬು ಈ ಡಬ್ಬಿಗೆ ಬೇಡ. ಅವು ಬೇಗ ಕೊಳೆಯುತ್ತವೆ, ಬೆಕ್ಕು, ಇಲಿ, ನಾಯಿಯನ್ನು ಕರೆಯುತ್ತವೆ. ಮೀನು ಶುಚಿ ಮಾಡಿದ ಕೂಡಲೇ ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತು ಮಣ್ಣು ಮುಚ್ಚಿದರೆ ಮರಕ್ಕೂ ಗೊಬ್ಬರ. ಫ್ಲ್ಯಾಟಿನಲ್ಲಿ ಇರುವವರು ಮಾರ್ಕೆಟಿನಲ್ಲೇ ಶುಚಿ ಮಾಡಿಸಿ ತರುವುದು ಒಳ್ಳೆಯದು. ತೆಂಗಿನ ಗೆರಟೆಯೂ ಡಬ್ಬಿಗೆ ಬೇಡ, ಅದು ಬೇಗ ಕರಗುವುದಿಲ್ಲ. ಹೊರಗೆ ಮಲಗಿಸಿಟ್ಟರೆ ಮಳೆನೀರು ತುಂಬಿ ಡೆಂಗ್ಯೂ ಸೊಳ್ಳೆ ಬೆಳೆಯುತ್ತದೆ. ಕವುಚಿ ಇಡಿ ಅಥವಾ ಒಲೆಗೆ ಹಾಕಿ.

ಗುಂಡಿ ಎಲ್ಲಿ?

ನಮ್ಮ ಕಡೆಯ ಮುರಕಲ್ಲಿನಲ್ಲಿ ಎಡೆಗಳು ಜಾಸ್ತಿ, ನೀರು ಬೇಗ ಇಳಿಯುತ್ತದೆ. ಆದ್ದರಿಂದ ಗುಂಡಿ ಬಾವಿಯಿಂದ ಆದಷ್ಟು ದೂರ, ಬಾವಿಗಿಂತ ತಗ್ಗಿನ ಬದಿಯಲ್ಲಿ ಇರಲಿ. ಮೇಲೆ ಸೋಗೆ ಅಥವಾ ಶೀಟ್ ಹೊದೆಸಿ ಮಳೆನೀರು ತಡೆಯಬೇಕು. ಒಂದು ಪಾಲು ಹಸಿಕಸಕ್ಕೆ ಎರಡು ಪಾಲು ಒಣ ತರಗೆಲೆ ಸೇರಿಸಿ. ಜೂನ್ ನಂತರ ಒಣ ಎಲೆ ಸಿಗುವುದಿಲ್ಲ. ಏಪ್ರಿಲ್, ಮೇಯಲ್ಲೇ ಎರಡು ಮೂರು ಗೋಣಿ ತುಂಬಿಸಿ ಮಳೆ ತಾಗದ ಕಡೆ ಇಟ್ಟುಕೊಂಡರೆ ಮಳೆಗಾಲ ಸುಲಭ. ಒಂದು ಹಿಡಿ ಗೊಬ್ಬರ ಹಿಂಡಿದಾಗ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅದು ಸರಿಯಾದ ತೇವ.

ಖಾಲಿ ಮಾಡುವುದು ಯಾರು?

ಡಬ್ಬಿ ಎಷ್ಟೇ ಒಳ್ಳೆಯದಿರಲಿ, ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಎಲ್ಲ ಹಾಳು. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಮುಗಿಸಿದ ಉಮ್ಮನ ಮೇಲೆಯೇ ಇದೂ ಬಿದ್ದರೆ ಯಾವತ್ತೋ ಒಂದು ದಿನ ನಿಲ್ಲುತ್ತದೆ. ರಾತ್ರಿ ಊಟ ಆದ ಮೇಲೆ ಡಬ್ಬಿ ಒಯ್ದು ಗುಂಡಿಗೆ ಸುರಿದು, ಮೇಲೆ ತರಗೆಲೆ ಹಾಕಿ, ತೊಳೆದು ಕವುಚಿ ಇಡಲು ಐದು ನಿಮಿಷ ಸಾಕು. ಮನೆಯ ಹುಡುಗರು ಮೊಬೈಲ್ ಕೆಳಗಿಟ್ಟು ಸರದಿ ಪ್ರಕಾರ ಮಾಡಬಹುದಾದ ಕೆಲಸ ಇದು. ಅಂಗಡಿಗೆ ಹೋಗಿ ಡಬ್ಬಿ ಆರಿಸುವ ಮೊದಲು ಮನೆಯಲ್ಲಿ ಕೂತು ಆ ಸರದಿ ಬರೆದುಕೊಳ್ಳುವುದೇ ಒಳ್ಳೆಯದು.