ಅಜ್ಜಿಯ ಹಸಿವು, ಮೊಮ್ಮಗಳ ತಟ್ಟೆ

“ತಟ್ಟೆಯಲ್ಲಿ ಒಂದಗುಳೂ ಬಿಡಬೇಡ ಮಗಾ.” ಹೊಸೂರು, ಡೆಂಕಣಿಕೋಟೆ ಕಡೆಯ ಹಳೆಯ ಮನೆಗಳಲ್ಲಿ ಈ ಮಾತನ್ನು ನಾವು ಇಂದಿಗೂ ಕೇಳುತ್ತೇವೆ. ಮಕ್ಕಳಿಗೆ ಇದು ಅಜ್ಜಿಯ ಗೊಣಗಾಟ. ಅಜ್ಜಿಗೆ ಬಾಲ್ಯದ ನೆನಪು. ಮಳೆಯನ್ನೇ ನಂಬಿದ ರಾಗಿ ಹೊಲದ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಗಂಜಿಯೇ ಊಟ. ಅಂಥ ವರ್ಷ ಮೊದಲು ಶಾಲೆ ಬಿಡಬೇಕಾದವಳು ಮನೆಯ ಹೆಣ್ಣುಮಗು.

ಬಡತನ ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಅರೆಹೊಟ್ಟೆಯಲ್ಲಿ ಬೆಳೆದು, ಬೇಗ ಮದುವೆಯಾಗಿ, ರಕ್ತಹೀನತೆಯಲ್ಲೇ ತಾಯಿಯಾದವಳ ಕೂಸು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚು. ಓದು ಬಿಟ್ಟ ತಾಯಿಗೆ ಮಗುವಿನ ಪಾಠ ನೋಡುವುದೂ ಕಷ್ಟ. ಹೀಗೆ ಅಜ್ಜಿಯ ಹಸಿವು ಮೊಮ್ಮಗಳವರೆಗೂ ನಡೆದು ಬರುತ್ತದೆ.

ಮನಸ್ಸಿನ ಕಥೆಯೂ ಅಷ್ಟೇ. ಕಷ್ಟದಲ್ಲಿ ಬೆಳೆದ ತಂದೆ, ಕೈಯಲ್ಲಿ ನಾಲ್ಕು ಕಾಸು ಓಡಾಡಿದರೂ ಖರ್ಚಿಗೆ ಹೆದರುತ್ತಾನೆ. ಇಲ್ಲವೇ, ‘ನಾನು ಪಟ್ಟದ್ದು ಮಗ ಪಡಬಾರದು’ ಎಂದು ಕೇಳಿದ್ದನ್ನೆಲ್ಲ ಕೊಡಿಸುತ್ತಾನೆ. ಎರಡರ ಹಿಂದೆಯೂ ಇರುವುದು ಅದೇ ಬಾಲ್ಯ.

ಈ ಸರಪಳಿ ಕಡಿಯಲಾಗದೇ? ಕಡಿಯಬಹುದು. ಕಾಮರಾಜರು 1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭಿಸಿದರು. 1982ರ ಜುಲೈ 1ರಂದು ಎಂ.ಜಿ.ಆರ್. ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿದರು. ಆಗ ನಮ್ಮ ಸೀಮೆ ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. 2022ರಲ್ಲಿ ಬೆಳಗಿನ ತಿಂಡಿಯೂ ಬಂತು.

ಈ ಊಟದ ಫಲವೇನು? ಭಾರತದ ಬಿಸಿಯೂಟದ ಬಗ್ಗೆ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಹೇಳಿದೆ. ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದ ಹುಡುಗಿಯರು ತಾಯಂದಿರಾದಾಗ, ಅವರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರದಲ್ಲಿ, ಆ ಊಟ ಸಿಗದ ತಾಯಂದಿರ ಮಕ್ಕಳಿಗಿಂತ ಮುಂದಿದ್ದರು. ಒಂದು ಹುಡುಗಿಗೆ ಬಡಿಸಿದ ಅನ್ನ ಅವಳ ಮಗುವಿಗೂ ತಲುಪಿತು!

ಆಹಾರದಾನವನ್ನು ನಮ್ಮ ಹಿರಿಯರು ಚತುರ್ವಿಧ ದಾನಗಳಲ್ಲಿ ಎಣಿಸಿದ್ದಾರೆ. ಶಾಸ್ತ್ರದಾನವೂ ಅದರ ಪಕ್ಕದಲ್ಲೇ ಇದೆ. ನಮ್ಮ ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ದುಡಿಯುವವರ ಮಗಳು ಈ ವರ್ಷ ಶಾಲೆಗೆ ಹೋಗುತ್ತಿದ್ದಾಳೆಯೇ? ಬೆಳಿಗ್ಗೆ ಏನಾದರೂ ತಿಂದು ಹೋಗುತ್ತಾಳೆಯೇ? ನಾವು ಒಮ್ಮೆ ಕೇಳೋಣ.

ಇಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯನ್ನೂ ಕೇಳೋಣ: “ಅಜ್ಜಿ, ನೀವು ಚಿಕ್ಕವರಿದ್ದಾಗ ಏನು ಉಣ್ಣುತ್ತಿದ್ದಿರಿ?” ಗೊಣಗಾಟದ ಅರ್ಥ ಮಕ್ಕಳಿಗೆ ಆಗ ತಿಳಿದೀತು.