ಹೊಸ ಲ್ಯಾಪ್‌ಟಾಪಿನಲ್ಲಿ ಹಳೆಯ ಚಿತ್ರದ ನೆರಳು



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಗೆ ಒಂದು ಹೊಸ ಲ್ಯಾಪ್‌ಟಾಪ್ ಬಂತು. ವಾಸ್ಕೋದ ಮಳೆ ನಿಮಗೆ ಗೊತ್ತೇ ಇದೆ. ಆಟದ ಅವಧಿ ತಪ್ಪಿದಾಗಲೆಲ್ಲ ಮಕ್ಕಳು ಅದರ ಸುತ್ತ ಸೇರುತ್ತಿದ್ದರು. ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದರಲ್ಲಿ ವೇಳಾಪಟ್ಟಿಯನ್ನು ತೆರೆದಿಟ್ಟಿದ್ದೆವು. ಅದನ್ನು ಮುಚ್ಚಿ ಬೂದು ಬಣ್ಣದ ಖಾಲಿ ಪುಟ ತೆರೆದರೆ, ವೇಳಾಪಟ್ಟಿಯ ಗೆರೆಗಳು ಮಸುಕಾಗಿ ಹಾಗೇ ಕಾಣುತ್ತಿದ್ದವು! ಎಂಟನೇ ತರಗತಿಯ ಹುಡುಗನೊಬ್ಬ ಕೂಗಿದ: "ಸರ್, ಇದರಾಗ ದೆವ್ವ ಹೊಕ್ಕೈತ್ರಿ!"

ಅವನು ಹೇಳಿದ್ದು ಪೂರಾ ತಪ್ಪೇನಲ್ಲ. ಇಂಗ್ಲಿಷಿನಲ್ಲೂ ಇದನ್ನು 'ಘೋಸ್ಟ್ ಇಮೇಜ್' ಅಂತಲೇ ಕರೆಯುತ್ತಾರೆ. ನಾವು ಭೂತಬಿಂಬ ಎನ್ನೋಣ.

ಅಂಗಡಿಯವರಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಮಾಡಿಬಿಡಿ, ಸರಿ ಹೋಗ್ತದೆ" ಎಂದರು. ಫಾರ್ಮ್ಯಾಟ್ ಮಾಡುವುದೆಂದರೆ ಲ್ಯಾಪ್‌ಟಾಪಿನ ಒಳಗಿರುವುದನ್ನೆಲ್ಲ ಅಳಿಸುವುದು. ಹತ್ತನೇ ತರಗತಿಯ ಘಟಕ ಪರೀಕ್ಷೆಯ ಅಂಕಗಳೆಲ್ಲ ಅದರಲ್ಲೇ ಇದ್ದವು, ಬೇರೆ ಎಲ್ಲೂ ಪ್ರತಿ ಇರಲಿಲ್ಲ. ಮೊದಲು ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೆ ಮಕ್ಕಳಿಗೆ ಕೇಳಿದೆ: "ದೆವ್ವ ಇದೆ ಅಂತೀರಲ್ಲ, ಸರಿ. ಎಲ್ಲಿದೆ ಅಂತ ಹುಡುಕೋಣವೇ?"

ಅದು ಮೂರು ಕಡೆ ಇರಬಹುದು: ನಮ್ಮ ಕಣ್ಣಿನಲ್ಲಿ, ಕಂಪ್ಯೂಟರಿನ ಲೆಕ್ಕದಲ್ಲಿ, ಅಥವಾ ಪರದೆಯಲ್ಲಿ.

ಮೊದಲು ಕಣ್ಣು. ಒಂದು ಕೆಂಪು ಕಾಗದದ ತುಂಡನ್ನು ಅರ್ಧ ನಿಮಿಷ ದಿಟ್ಟಿಸಿ ನೋಡಿ, ಆಮೇಲೆ ಬಿಳಿ ಗೋಡೆ ನೋಡಿ. ಹಸಿರು ಮಿಶ್ರಿತ ನೀಲಿ ಬಣ್ಣದ ಒಂದು ತುಂಡು ತೇಲಿದಂತೆ ಕಾಣುತ್ತದೆ. ಕೆಂಪನ್ನು ಗ್ರಹಿಸುವ ಜೀವಕೋಶಗಳು ದಣಿದಿರುವುದರಿಂದ ಹೀಗಾಗುತ್ತದೆ. ಈ ಬಿಂಬ ನಿಮ್ಮ ದೃಷ್ಟಿಯ ಜೊತೆಗೇ ಚಲಿಸುತ್ತದೆ. ನಮ್ಮ ವೇಳಾಪಟ್ಟಿಯ ನೆರಳು ಹಾಗಿರಲಿಲ್ಲ. ಆಗ ತಾನೇ ಕೋಣೆಗೆ ಬಂದವರಿಗೂ ಅದು ಅದೇ ಜಾಗದಲ್ಲಿ ಕಂಡಿತು. ಹಾಗಾದರೆ ಕಣ್ಣಿನದಲ್ಲ.

ಎರಡನೆಯದು ಕಂಪ್ಯೂಟರಿನ ಲೆಕ್ಕ. ಇದಕ್ಕೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಸ್ಕ್ರೀನ್‌ಶಾಟ್ ಪರದೆಯ ಫೋಟೋ ಅಲ್ಲ, ಕಂಪ್ಯೂಟರ್ ಪರದೆಗೆ ಕಳಿಸುವ ಚಿತ್ರದ ನಕಲು. ಒಬ್ಬ ಹುಡುಗಿ ಸ್ಕ್ರೀನ್‌ಶಾಟ್ ತೆಗೆದು ಅಲ್ಲೇ ತೆರೆದು ನೋಡಿದಳು. "ಇದರಾಗೂ ಗೆರೆ ಅದಾವ್ರಿ ಸರ್, ತಪ್ಪು ಕಂಪ್ಯೂಟರಿಂದ" ಎಂದಳು. ಸ್ವಲ್ಪ ತಡೆದು ತಾನೇ ನಕ್ಕಳು. ಯಾಕೆ ಗೊತ್ತೇ? ನೆರಳಿರುವ ಪರದೆಯ ಮೇಲೆ ಏನು ತೆರೆದರೂ ನೆರಳು ಕಾಣಲೇಬೇಕಲ್ಲ! ಕೊಳೆಯಾದ ಕನ್ನಡಕ ಹಾಕಿಕೊಂಡು ಗೋಡೆ ಕೊಳೆಯಾಗಿದೆ ಎಂದ ಹಾಗೆ. ಅದೇ ಸ್ಕ್ರೀನ್‌ಶಾಟನ್ನು ನನ್ನ ಮೊಬೈಲಿಗೆ ಕಳಿಸಿ ನೋಡಿದೆವು. ಶುಭ್ರವಾದ ಬೂದು ಪುಟ! ಒಂದು ಗೆರೆಯೂ ಇಲ್ಲ.

ಅಂದರೆ ಭೂತ ಪರದೆಯಲ್ಲೇ ಇದೆ. ಫಾರ್ಮ್ಯಾಟ್ ಮಾಡಿದ್ದರೆ ಅಂಕಗಳು ಹೋಗುತ್ತಿದ್ದವು, ನೆರಳು ಅಲ್ಲೇ ಇರುತ್ತಿತ್ತು.

ಈಗ ಪರದೆಯೊಳಗೆ ಏನಾಗುತ್ತದೆ ನೋಡೋಣ. ನಮ್ಮದು ಎಲ್‌ಸಿಡಿ ಪರದೆ. ಇದರಲ್ಲಿ ಎರಡು ತೆಳು ಗಾಜುಗಳ ನಡುವೆ 'ದ್ರವ ಸ್ಫಟಿಕ' ಎಂಬ ವಸ್ತು ಇರುತ್ತದೆ. ನೀರಿನಂತೆ ಹರಿಯುತ್ತದೆ, ಆದರೆ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಇಂಥ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್. ನಮ್ಮ ನಾಡಿನ ಪಾಲೂ ಇದರಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಂದಿಗೆ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕಗಳನ್ನು ಕಂಡುಹಿಡಿದರು. ನಮ್ಮ ಪರದೆಗಳಲ್ಲಿ ಇರುವುದು ಕಡ್ಡಿಯಾಕಾರದ ಅಣುಗಳು.

ಹಿಂಬದಿಯ ದೀಪದ ಬೆಳಕು ಈ ಅಣುಗಳ ಮೂಲಕ ಹಾದು ಬರುತ್ತದೆ. ವಿದ್ಯುತ್ ಒತ್ತಡ ಕೊಟ್ಟರೆ ಅಣುಗಳು ತಿರುಗುತ್ತವೆ. ಎಷ್ಟು ತಿರುಗಿದವು ಅನ್ನುವುದರ ಮೇಲೆ ಎಷ್ಟು ಬೆಳಕು ಹೊರಬರಬೇಕೆಂದು ತೀರ್ಮಾನವಾಗುತ್ತದೆ. 1920 × 1080 ಚುಕ್ಕಿಗಳ ಪರದೆಯಲ್ಲಿ 20,73,600 ಚುಕ್ಕಿಗಳಿವೆ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಕಿಟಕಿ. ಒಟ್ಟು 62 ಲಕ್ಷಕ್ಕೂ ಹೆಚ್ಚು ಪುಟ್ಟ ಕಿಟಕಿಗಳಾದವು!

ಭೂತಬಿಂಬ ಇಲ್ಲಿ ಎರಡು ರೀತಿಯಲ್ಲಿ ಹುಟ್ಟುತ್ತದೆ.

ಒಂದು, ಓಡುವ ಭೂತ. ಪರದೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸಿದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಅಣುಗಳು ಅಷ್ಟರೊಳಗೆ ತಿರುಗಿ ಮುಗಿಸದಿದ್ದರೆ ಹಿಂದಿನ ಚಿತ್ರದ ಚೂರು ಉಳಿಯುತ್ತದೆ. ಮೌಸಿನ ಬಾಣವನ್ನು ಜೋರಾಗಿ ಓಡಿಸಿದಾಗ ಹಿಂದೆ ಬಾಲದಂತೆ ಕಾಣುವುದು ಇದೇ. ಓಟ ನಿಂತ ಕೂಡಲೇ ಬಾಲ ಮಾಯ.

ಇನ್ನೊಂದು, ಕೂತ ಭೂತ. ನಮ್ಮ ವೇಳಾಪಟ್ಟಿಯದು ಇದು. ದ್ರವ ಸ್ಫಟಿಕದಲ್ಲಿ ಅಲ್ಪಸ್ವಲ್ಪ ವಿದ್ಯುದಾವೇಶವುಳ್ಳ ಅಯಾನುಗಳು ಕಲ್ಮಶವಾಗಿ ಇರುತ್ತವೆ. ಒಂದು ತಟ್ಟೆಯಲ್ಲಿ ಜೋಳದ ಕಾಳು ಹಾಕಿ ಅತ್ತ ಇತ್ತ ಸಮವಾಗಿ ಅಲ್ಲಾಡಿಸಿ. ಕಾಳು ಎಲ್ಲೂ ಗುಡ್ಡೆಯಾಗುವುದಿಲ್ಲ. ಒಂದೇ ಕಡೆ ವಾಲಿಸಿದರೆ ಆ ಬದಿಗೆ ಗುಡ್ಡೆ. ಇದಕ್ಕೇ ಪರದೆಯಲ್ಲಿ ಒತ್ತಡದ ದಿಕ್ಕನ್ನು ಧನ, ಋಣ ಎಂದು ಮತ್ತೆ ಮತ್ತೆ ಬದಲಿಸುತ್ತಿರುತ್ತಾರೆ. ಆ ಸಮತೋಲನ ಸ್ವಲ್ಪ ತಪ್ಪಿದರೆ, ಒಂದೇ ಚಿತ್ರ ತಾಸುಗಟ್ಟಲೆ ನಿಂತಾಗ ಅಯಾನುಗಳು ಒಂದು ಗಾಜಿನ ಬದಿಗೆ ಸೇರುತ್ತವೆ. ಚಿತ್ರ ಬದಲಾದ ಮೇಲೂ ಅವು ಅಲ್ಲಿದ್ದು ಅಣುಗಳನ್ನು ಎಳೆಯುತ್ತಿರುತ್ತವೆ. ನೆರಳು ಕಾಣುವುದು ಅದರಿಂದ. ಅವು ಮತ್ತೆ ಚದುರಿದರೆ ನೆರಳೂ ಹೋಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಪರದೆಯನ್ನು ಕೆಲವು ತಾಸು ಆರಿಸಿಡಿ, ಅಥವಾ ಚಲಿಸುವ ಚಿತ್ರ ಓಡಿಸಿ. ಕೆಲಸವಿಲ್ಲದಾಗ ಪರದೆ ತಾನೇ ಆರುವಂತೆ ಸಮಯ ಹೊಂದಿಸಿ. ಬೆರಳಿನಿಂದ ಒತ್ತಿ ತಿಕ್ಕಬೇಡಿ, ಪರದೆ ಕೆಡುತ್ತದೆ. ಬಿಚ್ಚುವುದಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ. ಅನೇಕ ಮೊಬೈಲುಗಳಲ್ಲಿ, ಕೆಲವು ಲ್ಯಾಪ್‌ಟಾಪುಗಳಲ್ಲಿ ಇರುವುದು ಓಎಲ್‌ಇಡಿ ಪರದೆ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಹೆಚ್ಚು ಬೆಳಗಿದ ಚುಕ್ಕಿ ಹೆಚ್ಚು ಸವೆಯುತ್ತದೆ. ಸವೆದು ಬಿದ್ದ ನೆರಳು ವಿಶ್ರಾಂತಿ ಕೊಟ್ಟರೂ ಹೋಗುವುದಿಲ್ಲ.

ನಮ್ಮ ಲ್ಯಾಪ್‌ಟಾಪಿನ ನೆರಳು ಮರುದಿನ ಬೆಳಿಗ್ಗೆ ಹೋಗಿತ್ತು. ಆದರೆ ಹೊಸ ಪರದೆಯಲ್ಲಿ ಇಷ್ಟು ಬೇಗ ನೆರಳು ಬೀಳುವುದು ಸರಿಯೇ? ಮಕ್ಕಳು ಕಪ್ಪು ಬಿಳುಪಿನ ಚದುರಂಗದ ಮನೆಗಳ ಚಿತ್ರವನ್ನು 10 ನಿಮಿಷ ನಿಲ್ಲಿಸಿ, ಆಮೇಲೆ ಬೂದು ಪುಟ ತೆರೆದು, ನೆರಳು ಮಾಸಲು ಎಷ್ಟು ಹೊತ್ತು ಬೇಕೆಂದು ಬರೆದುಕೊಂಡರು. ಮೂರು ಸಲವೂ 20 ನಿಮಿಷ ದಾಟಿತು. ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನೇ ಮಾಡಿದರೆ ನೆರಳೇ ಬೀಳಲಿಲ್ಲ. ಆ ಪುಟ, ದಿನಾಂಕವಿರುವ ಫೋಟೋಗಳು, ಬಿಲ್ಲು ತೆಗೆದುಕೊಂಡು ಅಂಗಡಿಗೆ ಹೋದೆ. ಈ ಸಲ ಅವರು ಫಾರ್ಮ್ಯಾಟ್ ಮಾತೆತ್ತಲಿಲ್ಲ. ವಾರಂಟಿಯಲ್ಲಿ ಪರದೆ ಬದಲಾಯಿತು.

ನಿಮ್ಮ ಮನೆಯಲ್ಲೂ ಯಾವುದಾದರೂ ಪರದೆಯಲ್ಲಿ ಭೂತ ಕಂಡರೆ ಹೆದರಬೇಡಿ, ಏನನ್ನೂ ಅಳಿಸಲೂ ಬೇಡಿ. ಮೊದಲು ಬೇಕಾದ ಫೈಲುಗಳ ಪ್ರತಿ ತೆಗೆದಿಡಿ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಪರದೆಯಲ್ಲಿ ನೋಡಿ. ನೆರಳು ಎಲ್ಲಿದೆ ಎಂದು ಗೊತ್ತಾದ ಮೇಲೆಯೇ ರಿಪೇರಿಯ ಮಾತು.