ಮೆಡುಲ್ಲಾ: ಅಂಗಗಳ ತಿರುಳು, ಉಸಿರಿನ ನೆಲೆ

ಮಾನವ ಶರೀರದ ಕೆಲವು ಅಂಗಗಳಲ್ಲಿ ಹೊರಪದರ, ಒಳತಿರುಳು ಎಂಬ ಎರಡು ಭಾಗಗಳುಂಟು. ವೈದ್ಯಶಾಸ್ತ್ರದಲ್ಲಿ ಹೊರಪದರಕ್ಕೆ 'ಕಾರ್ಟೆಕ್ಸ್' ಎಂದೂ ಒಳತಿರುಳಿಗೆ 'ಮೆಡುಲ್ಲಾ' ಎಂದೂ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಮೊದಲನೆಯದಕ್ಕೆ ಮರದ ತೊಗಟೆ ಎಂದೂ ಎರಡನೆಯದಕ್ಕೆ ಮಜ್ಜೆ ಎಂದೂ ಅರ್ಥ.

ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿದರೂ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದೆಲ್ಲ ರಕ್ತಕ್ಕೇ ಮರಳುತ್ತದೆ. ಈ ಜಲಸಂರಕ್ಷಣೆಯ ಕೊನೆಯ ಹಂತ ನಡೆಯುವುದು ಮೂತ್ರಪಿಂಡದ ಒಳತಿರುಳಿನಲ್ಲಿ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಒಳತಿರುಳಾದರೋ, ಆಪತ್ತು ಎದುರಾದಾಗ ಅಡ್ರಿನಲಿನ್ ಸ್ರವಿಸಿ ಎದೆಬಡಿತವನ್ನು ಚುರುಕುಗೊಳಿಸುತ್ತದೆ.

ಇದೇ ಹೆಸರಿನ ಮತ್ತೊಂದು ಭಾಗ ತಲೆಯಲ್ಲಿದೆ. ಅದು ಯಾವ ಅಂಗದ ಒಳತಿರುಳೂ ಅಲ್ಲ. ಮಿದುಳಿನ ಕಾಂಡದ ಕೆಳತುದಿ. ಸುಮಾರು 3 ಸೆಂಟಿಮೀಟರ್ ಉದ್ದದ ಈ 'ಮೆಡುಲ್ಲಾ ಆಬ್ಲಾಂಗೇಟಾ' ತಲೆಬುರುಡೆಯ ತಳದಲ್ಲಿ ಬೆನ್ನುಹುರಿಯೊಡನೆ ಕೂಡುತ್ತದೆ. ನುಂಗುವುದು, ಕೆಮ್ಮುವುದು, ರಕ್ತದೊತ್ತಡ, ಎಲ್ಲಕ್ಕೂ ಮಿಗಿಲಾಗಿ ಉಸಿರಾಟ, ಇವು ಇದರ ಅಧೀನ. ಉಸಿರಾಟದ ಮೂಲ ಇಲ್ಲಿದೆ ಎಂಬುದನ್ನು ಫ್ರಾನ್ಸಿನ ವೈದ್ಯ ಲೆಗಾಲ್ವಾ 1812ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಿಂದ ತೋರಿಸಿದನು.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಈ ಕೇಂದ್ರ ಎಚ್ಚತ್ತು ಉಸಿರಾಡಿಸುತ್ತದೆ. ಹಟದಿಂದ ಉಸಿರು ಬಿಗಿಹಿಡಿದವನೂ ಕೆಲಹೊತ್ತಿನಲ್ಲೇ ಸೋಲುವುದು ಇದರಿಂದಲೇ.

ತೀವ್ರನಿಗಾ ಘಟಕದ ಹೊರಗೆ ಕುಳಿತ ಬಂಧುಗಳು ಈ ಅಂಶವನ್ನು ಅರಿತಿರಬೇಕು. ದೀರ್ಘ ಮೂರ್ಛೆಯಲ್ಲಿರುವ ರೋಗಿಯಲ್ಲಿ ಮಿದುಳಿನ ಕಾಂಡ ಜೀವಂತವಾಗಿರಬಹುದು, ಆತ ಚೇತರಿಸಿಕೊಳ್ಳಲೂಬಹುದು. ಕಾಂಡವೇ ಸಂಪೂರ್ಣವಾಗಿ, ಶಾಶ್ವತವಾಗಿ ನಾಶವಾದರೆ ಮರಳುವ ಮಾರ್ಗವಿಲ್ಲ. ಆಗಲೂ ಯಂತ್ರ ಉಸಿರು ತುಂಬುತ್ತಿರುವವರೆಗೆ ಹೃದಯ ಸ್ವಂತ ಶಕ್ತಿಯಿಂದ ಕೆಲಕಾಲ ಮಿಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಇದನ್ನು ಕಂಡ ಮನೆಯವರು 'ಜೀವವಿದೆ' ಎಂದು ಭ್ರಮಿಸುವುದು ಸಹಜ.

ಆದ್ದರಿಂದಲೇ ಪರೀಕ್ಷೆಗಳು ಕಟ್ಟುನಿಟ್ಟಾಗಿವೆ. ಆಮ್ಲಜನಕವನ್ನು ಒದಗಿಸುತ್ತಲೇ ಉಸಿರಾಟದ ಯಂತ್ರವನ್ನು ಬೇರ್ಪಡಿಸಿ, ಇಂಗಾಲದ ಡೈಆಕ್ಸೈಡ್ ಏರಿದಾಗಲಾದರೂ ರೋಗಿ ತಾನಾಗಿ ಉಸಿರಾಡುವನೋ ಎಂದು ನೋಡುವುದು ಅವುಗಳಲ್ಲಿ ಒಂದು. ಅಂಗಾಂಗ ಕಸಿ ಕುರಿತ 1994ರ ಭಾರತೀಯ ಕಾಯಿದೆಯ ಮೇರೆಗೆ, ನಾಲ್ವರು ವೈದ್ಯರ ಮಂಡಲಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಅನಂತರವೇ, ಬಂಧುಗಳು ಒಪ್ಪಿದಲ್ಲಿ, ಅಂಗದಾನ.

ದುಃಖದ ಆ ಗಳಿಗೆಯಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ಮೂರ್ಛೆಗೂ ಮಿದುಳಿನ ಕಾಂಡದ ಮರಣಕ್ಕೂ ಇರುವ ಅಂತರವನ್ನು ಪ್ರತಿಯೊಂದು ಮನೆಯಲ್ಲಿಯೂ ಮೊದಲೇ ತಿಳಿದು, ಮಾತನಾಡಿಕೊಂಡಿರುವುದು ಒಳಿತು.